ದೇವ್ರು ಬಂತೋ, ಬಂದನೋ?

ನಮ್ಮ ಜತ್ತ ತಾಲೂಕಿನ ಪೂರ್ವಭಾಗದಲ್ಲಿ ದೇವರು ಅನ್ನೋ ಶಬ್ದಕ್ಕೆ ಒಂದೇ ಕ್ರಿಯಾಪದ ಅಂತ ಇಲ್ಲ. ಜಾತ್ರೆಯಲ್ಲಿ ಪೂಜಾರಿಯ ಮೈಮೇಲೆ ‘ದೇವ್ರು ಬಂತು’ ಅಂತೀವಿ. ಮಳೆ ಬಿದ್ದರೆ ‘ದೇವ್ರು ಕಣ್ಣು ತೆರೆದ’ ಅಂತೀವಿ. ಗುಡ್ಡಾಪುರಕ್ಕೆ ಹೋಗಿ ಬಂದವರು ದಾನಮ್ಮನ ಮಾತು ಬಂದರೆ ‘ಆಕಿ ಕೈ ಬಿಡಂಗಿಲ್ಲ’ ಅಂತಾರೆ. ವ್ಯಾಕರಣದ ಪ್ರಕಾರ ದೇವರು ಬಹುವಚನ. ಆದರೂ ‘ದೇವರು ಬಂದರು’ ಅಂತ ನಮ್ಮೂರಲ್ಲಿ ಯಾರೂ ಅಂದದ್ದು ನನ್ನ ಕಿವಿಗೆ ಬಿದ್ದಿಲ್ಲ.

ಇದನ್ನು ಎತ್ತಿ ತೋರಿಸಿದವರು ನಮ್ಮ ನಿವೃತ್ತ ಮಾಸ್ತರು. ‘ಅದೋ, ಅವನೋ, ಆಕಿಯೋ ಅನ್ನೂದ ಇನ್ನೂ ಗೊತ್ತು ಮಾಡಿಲ್ಲ ನೀವು. ಮತ್ತ ನನಗ ಐತೋ ಇಲ್ಲೋ ಅಂತ ಕೇಳ್ತೀರಿ!’ ಎಂದು ವಾಚನಾಲಯದ ಕಟ್ಟೆಯ ಮೇಲೆ ಸಂಜೆಗೊಮ್ಮೆ ಗುಡುಗುತ್ತಿದ್ದರು. ಎದುರಿಗೆ ಕೂಡುತ್ತಿದ್ದವರು ನರ್ಸಬಾಯಿ. ಅವರ ಹಿರಿಯರು ಬೆಟಗೇರಿ ಕಡೆಯವರು, ಬಾಸೆಲ್ ಮಿಶನ್ ಕಾಲದಿಂದ ಕ್ರೈಸ್ತರು. ಬಾಯಾರು ನರ್ಸಿಂಗ್ ಕಲಿತದ್ದು ಮಿರಜಿನಲ್ಲಿ, 1894ರಲ್ಲಿ ವಾನ್‌ಲೆಸ್ ಡಾಕ್ಟರು ಕಟ್ಟಿದ ಆಸ್ಪತ್ರೆಯಲ್ಲಿ. ನೌಕರಿಗೆ ಅಂತ ಈ ಕಡೆ ಬಂದವರು ಇಲ್ಲೇ ಉಳಿದರು.

‘ಈ ಫಜೀತಿ ನಿಮ್ಮ ಊರಿಂದ ಅಷ್ಟ ಅಲ್ಲ ಮಾಸ್ತರ. ನಮ್ಮ ಪುಸ್ತಕದ ಮೊದಲನೇ ವಾಕ್ಯದಾಗ ಹೀಬ್ರೂದಲ್ಲಿ ಎಲೋಹೀಮ್ ಅಂತ ಐತಿ. ಹೆಸರಿನ ರೂಪ ಬಹುವಚನ, ಕ್ರಿಯಾಪದ ಏಕವಚನ,’ ಎಂದರು ಬಾಯಾರು. ಆಮೇಲೆ ನಾನು ಅವರ ಹಳೆಯ ಕನ್ನಡ ಬೈಬಲ್ ತೆರೆದು ನೋಡಿದೆ. ಅಲ್ಲೂ ಹಾಗೇ ಇದೆ: ದೇವರು ಅಂತ ಶುರುವಾದ ವಾಕ್ಯ ‘ಅವನು’ ಅನ್ನುವ ರೂಪದಲ್ಲೇ ಮುಗಿಯುತ್ತದೆ.

ಮಾಸ್ತರು ಬಿಡುವವರಲ್ಲ. ವ್ಯಾಖ್ಯೆ ಹೇಳ್ರಿ ಅಂತ ಹಟ ಹಿಡಿದರು. ದೇವರೂ ಪ್ರೀತಿಯೂ ಒಂದೇ ಅಂತ ಯೋಹಾನನ ಮೊದಲ ಪತ್ರದಲ್ಲಿ ಇರುವುದನ್ನು ಬಾಯಾರು ಹೇಳಿದರು.

‘ಹಂಗಾದ್ರ ನಂದೇನೂ ತಕರಾರಿಲ್ಲ. ಪ್ರೀತಿ ಐತಿ ಅಂತ ನಾನೂ ಒಪ್ತೀನಿ. ಆದ್ರ ಒಂದಕ್ಕ ಎರಡು ಶಬ್ದ ಯಾಕ ಬೇಕು? ಬ್ಯಾಸಿಗ್ಯಾಗ ಟ್ಯಾಂಕರ್ ಬರಲಿ ಅಂತ ಪ್ರಾರ್ಥನಾ ಮಾಡ್ತೀರಲ್ಲ, ಅದನ್ನ ಪ್ರೀತಿಗೆ ಕೇಳ್ತೀರೇನು? ವಾದಕ್ಕ ಕುಂತಾಗ ಸಣ್ಣ ದೇವರು, ಮೊಣಕಾಲೂರಿದಾಗ ದೊಡ್ಡ ದೇವರು. ಇದು ನನಗ ಸೇರೂದಿಲ್ಲ.’

‘ನಿಮ್ಮವ್ವಗ ವ್ಯಾಖ್ಯಾ ಮಾಡಿದ್ರೇನು ಮಾಸ್ತರ? ಕರೀತೀರಿ ಅಷ್ಟ. ಆಕಿ ಹೋಗಿ ಇಪ್ಪತ್ತು ವರ್ಷ ಆತು, ಇವತ್ತಿಗೂ ಕಾಲಾಗ ಜಾಲಿಮುಳ್ಳು ನಟ್ಟರ ಯವ್ವಾ ಅಂತೀರಿ.’

‘ಅಂತೀನಿ. ಮುಳ್ಳು ತಗೀಲಾಕ ಆಕಿ ಬರ್ತಾಳ ಅಂತ ಹಾದಿ ಕಾಯೂದಿಲ್ಲ.’

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ನನಗೆ ಮಾಸ್ತರ ಮಾತೇ ಸರಿ ಕಂಡಿತು. ಈಗಲೂ ಆ ಮಟ್ಟಿಗೆ ನಾನು ಅವರ ಕಡೆಯವನೇ. ಏನಾದರೂ ಸರಿ, ಯಾವುದಕ್ಕೂ ಜಗ್ಗದ ವ್ಯಾಖ್ಯೆಯಿಂದ ಏನೂ ತಿಳಿಯುವುದಿಲ್ಲ. ಆದರೆ ಅವರು ಹೊಡೆಯಲು ಹಗುರವಾದ ದೇವರನ್ನೇ ಆರಿಸಿಕೊಳ್ಳುತ್ತಿದ್ದರು ಅಂತಲೂ ಅನ್ನಿಸುತ್ತಿತ್ತು. ಅಂನಿಸದ ಕೆಲಸದಲ್ಲಿ ಓಡಾಡಿದ ಮನುಷ್ಯ, ಹಾಗಾಗಿ ಕಣ್ಣೆದುರು ಸದಾ ಭೋಂದು ಬಾಬಾಗಳೇ. ದಾಭೋಲಕರರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಕೊಂದ ಮೇಲೆ ಬಂದ ಕಾಯ್ದೆಯಾದರೂ ಇಂತಿಂಥ ಕೃತ್ಯ ಅಪರಾಧ ಅಂತ ಪಟ್ಟಿ ಮಾಡುತ್ತದೆ, ದೇವರೆಂದರೇನು ಅನ್ನುವ ಗೋಜಿಗೆ ಹೋಗುವುದಿಲ್ಲ. ಜಾಣತನವೇ. ನಮ್ಮ ಲಿಂಗಾಯತ ಮನೆಗಳಿಗೂ ಈ ಜಗಳ ಹೊಸದಲ್ಲ. ಅಂಗೈಯಲ್ಲಿ ಇಷ್ಟಲಿಂಗ ಹಿಡಿಯುವವರಿಗೆ ಬಯಲಿನ ಮಾತು ಹೇಳಿದವರು ಅಲ್ಲಮಪ್ರಭುಗಳು.

ಆ ವರ್ಷ ದೀಪಾವಳಿ ಹೊತ್ತಿಗೆ ಮಾಸ್ತರ ಹೆಂಡತಿಗೆ ಕ್ಯಾನ್ಸರ್ ಅಂತ ಗೊತ್ತಾಯಿತು. ಮಿರಜಿಗೆ ಬಸ್ಸಿನಲ್ಲಿ ಕರೆದೊಯ್ಯುವಾಗೆಲ್ಲ ಬಾಯಾರು ಜೊತೆಗೆ ಹೋದರು. ಕಾಕಿ ದಾನಮ್ಮನ ಭಕ್ತೆ. ಒಂದು ದಿನ ಅವರೇ ‘ನಿಮ್ಮ ದೇವರಿಗೂ ಒಂದ ಮಾತ ಕೇಳ್ರೆವ್ವ’ ಅಂದರಂತೆ. ಬಾಯಾರು ಹಾಸಿಗೆ ಪಕ್ಕ ಕುಳಿತು ಪ್ರಾರ್ಥಿಸಿದರು. ಮಾಸ್ತರು ಬಾಗಿಲ ಹೊರಗೆ ನಿಂತಿದ್ದರು, ಬೇಡ ಅನ್ನಲಿಲ್ಲ. ಶಿವರಾತ್ರಿಗೆ ಮುಂಚೆ ಕಾಕಿ ತೀರಿಕೊಂಡರು.

ತಿಂಗಳು ಕಳೆದ ಮೇಲೆ ಮಾಸ್ತರು ಕಟ್ಟೆಗೆ ಬಂದರು. ಬಂದವರೇ ದನಿ ಏರಿಸದೆ ಕೇಳಿದರು: ‘ಆಕಿ ಉಳಿದಿದ್ರ ದೇವರು ಉಳಿಸಿದ ಅಂತಿದ್ರಿ. ಹೋದಳು. ಈಗೇನಂತೀರಿ ಬಾಯಾರ? ಅವನ ಚಿತ್ತ ಅಂತೀರೇನು?’

ನಾವೆಲ್ಲ ನೆಲ ನೋಡುತ್ತ ಕುಳಿತೆವು.

‘ಅನ್ನೂದಿಲ್ಲ. ಆ ರಾತ್ರಿ ನಾ ಅವನ ಜೋಡಿ ಜಗಳ ಮಾಡೀನಿ. ಬೈದೀನಿ ಮಾಸ್ತರ. ಅವತ್ತ ನನಗ ಒಂದು ಗೊತ್ತಾತು. ಪ್ರೀತಿ ಮ್ಯಾಲ ಯಾರೂ ಸಿಟ್ಟ ಮಾಡೂದಿಲ್ಲ. ಸಿಟ್ಟ ಮಾಡಾಕ ಒಬ್ಬ ಬೇಕು. ನಾ ನಂಬೂದು ಆ ಒಬ್ಬನ್ನ. ಉತ್ತರಾ ಕೊಡಬೇಕಾದಾವ, ಇನ್ನೂ ಕೊಡದಾವ.’

‘ಈಗ ಸರಳ ಹೇಳಿದ್ರಿ. ಇಂಥಾವ ಒಬ್ಬ ಅದಾನ ಅಂತ ನೀವು. ಇಲ್ಲ ಅಂತ ನಾನು. ಇನ್ನ ವಾದ ಮಾಡಾಕ ಬರತೈತಿ,’ ಎಂದರು ಮಾಸ್ತರು.

ಮರುದಿನ ಬಾಯಾರು ಯೋಬನ ಪುಸ್ತಕಕ್ಕೆ ಗುರುತಿಟ್ಟು ಬೈಬಲ್ಲನ್ನು ಅವರ ಕೈಗಿತ್ತರು. ಮಾಸ್ತರು ವಾರವಿಡೀ ಓದಿದರು. ತಪ್ಪೇನು ಮಾಡಿದೆ ಅಂತ ದೇವರ ಜೊತೆಗೇ ವಾದಕ್ಕೆ ನಿಲ್ಲುವ ಯೋಬ ಅವರಿಗೆ ಬಹಳ ಹಿಡಿಸಿದ. ದೇವರ ಪರ ವಕೀಲಿಕೆ ಮಾಡಿದ ಗೆಳೆಯರೇ ಕೊನೆಗೆ ಬೈಸಿಕೊಳ್ಳುವುದು ಇನ್ನೂ ಹಿಡಿಸಿತು. ಕೊನೆಯ ಅಧ್ಯಾಯಕ್ಕೆ ಮಾತ್ರ ತಕರಾರು. ಮಾಡಗ್ಯಾಳ ಕುರಿಯ ಸೀಮೆಯವರು ನಾವು, ಕುರಿ ಲೆಕ್ಕ ನಮಗೆ ಬೇಗ ಕಣ್ಣಿಗೆ ಬೀಳುತ್ತದೆ.

‘ಏಳು ಸಾವಿರ ಕುರಿ ಹೋಗಿದ್ವು, ಹದಿನಾಲ್ಕು ಸಾವಿರ ಬಂದ್ವು. ಆತು. ಹತ್ತು ಮಕ್ಕಳು ಸತ್ತಿದ್ರು, ಮತ್ತ ಹತ್ತು ಹುಟ್ಟಿದ್ರು ಅಂತ ಬರದಾರ. ಸತ್ತಾವ್ರು? ಇದ್ಯಾವ ಲೆಕ್ಕ ಬಾಯಾರ?’

ಬಾಯಾರು ಕನ್ನಡಕ ಹಾಕಿಕೊಂಡು ಆ ಪುಟವನ್ನು ಇನ್ನೊಮ್ಮೆ ಓದಿದರು.

‘ನನಗೂ ಅದು ಗಂಟಲಾಗ ಸಿಗತೈತಿ,’ ಅಂದರು. ‘ಆದ್ರ ಆ ಲೆಕ್ಕ ನಾ ಅವನಿಗೆ ಕೇಳ್ತೀನಿ. ನೀವು ಯಾರಿಗೆ ಕೇಳ್ತೀರಿ?’

‘ನಿಮಗ,’ ಅಂದರು ಮಾಸ್ತರು.