ಬೆರಳಿನ ವೇಗ, ಮನಸ್ಸಿನ ನಿಧಾನ

‘ನಿಧಾನವೇ ಪ್ರಧಾನ’ ಎಂದು ಮನೆಯ ಹಿರಿಯರು ಹೇಳಿದಾಗ ಕಿರಿಯರು ನಗುವುದುಂಟು. ಅಂಗಡಿಯಲ್ಲಾಗಲಿ, ಕಚೇರಿಯಲ್ಲಾಗಲಿ, ಶಾಲೆಯಲ್ಲಾಗಲಿ ಬೇಗ ಮಾಡಿ ಮುಗಿಸುವವನಿಗೇ ಮನ್ನಣೆ. ಆದರೆ ವೇಗವನ್ನೇ ಹಿರಿಮೆಯೆಂದು ಎಣಿಸುವ ವಿದ್ಯೆಯೊಂದರಲ್ಲಿಯೂ ನಿಧಾನವೇ ಮೊದಲ ಪಾಠವೆಂಬುದು ಸೋಜಿಗದ ಸಂಗತಿ. ಎಲೆಕ್ಟ್ರಿಕ್ ಗಿಟಾರ್ ವಾದನವೇ ಆ ವಿದ್ಯೆ.

ಈ ವಾದ್ಯದಲ್ಲಿ ಉಕ್ಕಿನ ತಂತಿಯ ಕಂಪನವನ್ನು ಅದರ ಕೆಳಗಿರುವ ಅಯಸ್ಕಾಂತವೂ ತಾಮ್ರದ ಸುರುಳಿಯೂ ವಿದ್ಯುತ್ತಾಗಿ ಮಾರ್ಪಡಿಸುತ್ತವೆ. ಆಂಪ್ಲಿಫೈಯರ್ ಅದನ್ನು ಹಿಗ್ಗಿಸಿ ಕೇಳಿಸುತ್ತದೆ. ಆದ್ದರಿಂದ ಬೆರಳಿನ ಲಘುಸ್ಪರ್ಶವೇ ಸಾಕಾಗುತ್ತದೆ. ಅದೇ ಕಾರಣದಿಂದ, ಮೀಟದ ತಂತಿಯೊಂದು ಅರಿಯದೆ ಅಲುಗಿದರೂ ಅದು ದೊಡ್ಡ ಸದ್ದಾಗಿ ಹೊರಬರುತ್ತದೆ. ಎಡಗೈ ಬೆರಳು ತಂತಿಯನ್ನು ಒತ್ತುವ ಕ್ಷಣವೂ ಬಲಗೈಯ ಪಿಕ್ ಅದನ್ನು ಮೀಟುವ ಕ್ಷಣವೂ ಒಂದೇ ಆಗಬೇಕು. ಈ ಎರಡು ಕೈಗಳ ಹೊಂದಾಣಿಕೆಯೇ ವೇಗದ ಬುನಾದಿ.

ಇದರ ಲೆಕ್ಕಾಚಾರ ಸರಳವಾದುದು. ಮೆಟ್ರೋನೋಮ್ ನಿಮಿಷಕ್ಕೆ 60 ಬಾರಿ ಬಡಿಯುವಾಗ ಪ್ರತಿ ಬಡಿತಕ್ಕೆ ನಾಲ್ಕು ಸ್ವರ ನುಡಿಸಿದರೆ ಸೆಕೆಂಡಿಗೆ 4 ಸ್ವರಗಳಾದವು. 120ಕ್ಕೆ 8, 180ಕ್ಕೆ 12. ಬಲ್ಲವರು ಈ ದೂರವನ್ನು ಒಮ್ಮೆಗೇ ಹಾರುವುದಿಲ್ಲ. ಸ್ವರಗಳೆಲ್ಲ ಶುದ್ಧವಾಗಿ ಕೇಳಿಬಂದ ಬಳಿಕ ನಾಲ್ಕೈದು ಬಡಿತ ಏರಿಸುತ್ತಾರೆ; ತಪ್ಪು ಕಂಡರೆ ಹಿಂಜರಿಯದೆ ಇಳಿಸುತ್ತಾರೆ. ಬೆರಳನ್ನು ತಂತಿಯಿಂದ ಬೇಕಾದಷ್ಟೇ ಎತ್ತುತ್ತಾರೆ. ಭುಜವೂ ಮಣಿಕಟ್ಟೂ ಬಿಗಿಯಾದರೆ ಸಡಿಲಿಸುತ್ತಾರೆ. ನೋವು ಕಂಡರೆ ನಿಲ್ಲಿಸುತ್ತಾರೆ. ಕೈಗೆ ಸರಿ ತಪ್ಪುಗಳ ವಿವೇಚನೆಯಿಲ್ಲ. ಪದೇ ಪದೇ ಮಾಡಿದ್ದನ್ನೇ ಅದು ಕಲಿಯುತ್ತದೆ. ಕಿರ್ದಿಯಲ್ಲಿ ತಪ್ಪಾಗಿ ಬರೆದ ಅಂಕಿಯು ಖಾತೆಗೂ ಇಳಿದು ವರ್ಷಾಂತ್ಯದ ತಾಳೆಯನ್ನು ಕೆಡಿಸುವಂತೆ, ಆತುರದ ಅಭ್ಯಾಸದ ತಪ್ಪು ಮುಂದೆ ಸಭೆಯಲ್ಲಿ ಹೊರಬೀಳುತ್ತದೆ. ನಮ್ಮ ಸಂಗೀತದ ಮನೆಗಳಲ್ಲಿ ಸರಳೆ ವರಸೆಯನ್ನು ಮೊದಲನೆಯ ಕಾಲದಲ್ಲಿ ಗಟ್ಟಿಮಾಡಿಸಿ ಆಮೇಲೆ ಎರಡನೆಯ, ಮೂರನೆಯ ಕಾಲಗಳಿಗೆ ಒಯ್ಯುವುದೂ ಈ ತತ್ತ್ವದಿಂದಲೇ.

ಈ ಸಾಧನೆಯ ತುದಿಯನ್ನು ಎಳವೆಯಲ್ಲಿಯೇ ಮುಟ್ಟಿದವರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1969ರಲ್ಲಿ ಜನಿಸಿದ ಜೇಸನ್ ಬೆಕರ್. ಮಾರ್ಟಿ ಫ್ರೀಡ್‌ಮನ್ ಅವರೊಡನೆ ‘ಕಕಾಫನಿ’ ಎಂಬ ತಂಡ ಕಟ್ಟಿ 1987ರಲ್ಲಿ ‘ಸ್ಪೀಡ್ ಮೆಟಲ್ ಸಿಂಫನಿ’ಯನ್ನೂ, 1988ರಲ್ಲಿ ತಾವೊಬ್ಬರೇ ‘ಪರ್ಪೆಚುವಲ್ ಬರ್ನ್’ ಎಂಬ ಧ್ವನಿಮುದ್ರಿಕೆಯನ್ನೂ ಹೊರತಂದಾಗ ಅವರಿಗೆ ಇಪ್ಪತ್ತು ತುಂಬಿರಲಿಲ್ಲ. ‘ಸ್ವೀಪ್’ ಎಂಬ ತಂತ್ರದಲ್ಲಿ ಅವರು ಸಿದ್ಧಹಸ್ತರು. ಇದರಲ್ಲಿ ಪಿಕ್ಕನ್ನು ಪೊರಕೆಯಂತೆ ಒಂದೇ ದಿಕ್ಕಿನಲ್ಲಿ ಹಲವು ತಂತಿಗಳ ಮೇಲೆ ಎಳೆಯಲಾಗುತ್ತದೆ. ಪ್ರತಿ ಸ್ವರವೂ ನುಡಿದೊಡನೆ ಎಡಗೈ ಬೆರಳು ಸಡಿಲವಾಗಬೇಕು, ಇಲ್ಲವಾದರೆ ಸ್ವರಗಳು ಒಂದರಲ್ಲೊಂದು ಕಲಸಿಹೋಗುತ್ತವೆ. ಹಿಡಿಯುವುದರಷ್ಟೇ ಬಿಡುವುದೂ ಇಲ್ಲಿ ವಿದ್ಯೆಯೇ.

ಮುಂದೆ ಪ್ರಸಿದ್ಧ ಗಾಯಕ ಡೇವಿಡ್ ಲೀ ರಾತ್ ಅವರ ತಂಡದಲ್ಲಿ ಸ್ಥಾನ ದೊರೆಯಿತು. ಕೀರ್ತಿಯ ಬಾಗಿಲು ತೆರೆದ ಆ ಹೊತ್ತಿನಲ್ಲಿಯೇ ಎಡಗಾಲು ಕುಂಟತೊಡಗಿತು. ಸ್ನಾಯುಗಳನ್ನು ನಡೆಸುವ ನರಗಳು ಕ್ರಮೇಣ ನಾಶವಾಗುವ ಎ.ಎಲ್.ಎಸ್. ಎಂಬ ವ್ಯಾಧಿ ಅದೆಂದು ವೈದ್ಯರು ತಿಳಿಸಿ, ಬದುಕು ಇನ್ನು ಮೂರರಿಂದ ಐದು ವರ್ಷವೆಂದರು. ಬಲಗುಂದುತ್ತಿದ್ದ ಕೈಗಳಿಗೆ ಅನುಕೂಲವಾಗಲೆಂದು ತೆಳುವಾದ ತಂತಿಗಳನ್ನು ಕಟ್ಟಿಕೊಂಡು, 1991ರಲ್ಲಿ ಹೊರಬಂದ ಆ ಧ್ವನಿಮುದ್ರಿಕೆಯ ತಮ್ಮ ಪಾಲನ್ನು ಅವರು ಪೂರೈಸಿದರು. ಪ್ರವಾಸ ಕೈಗೂಡಲಿಲ್ಲ. ಬೆರಳುಗಳು ನಿಂತವು, ಕೆಲವೇ ವರ್ಷಗಳಲ್ಲಿ ಮಾತೂ ನಿಂತಿತು.

ಆಗ ಅವರ ತಂದೆ ಗ್ಯಾರಿ ಬೆಕರ್ ಒಂದು ಉಪಾಯವನ್ನು ರೂಪಿಸಿದರು. ಅಕ್ಷರಗಳನ್ನು ಗುಂಪುಗಳಾಗಿ ಹಂಚಿ, ಕಣ್ಣಿನ ಒಂದು ಚಲನೆ ಗುಂಪನ್ನೂ ಮತ್ತೊಂದು ಅಕ್ಷರವನ್ನೂ ಸೂಚಿಸುವಂತೆ ಮಾಡಿದರು. ಸೆಕೆಂಡಿನಲ್ಲಿ ಹತ್ತಾರು ಸ್ವರ ನುಡಿಸುತ್ತಿದ್ದವರು ಒಂದೊಂದೇ ಅಕ್ಷರವಾಗಿ ಮಾತನಾಡತೊಡಗಿದರು. ಗಣಕಯಂತ್ರದ ನೆರವಿನಿಂದ ಸಂಗೀತ ರಚನೆಯೂ ಮುಂದುವರಿಯಿತು. 1996ರಲ್ಲಿ ‘ಪರ್ಸ್‌ಪೆಕ್ಟಿವ್’, 2018ರಲ್ಲಿ ‘ಟ್ರಯಂಫೆಂಟ್ ಹಾರ್ಟ್ಸ್’ ಹೊರಬಂದವು. ಎರಡನೆಯದರಲ್ಲಿ ಹಳೆಯ ಜೊತೆಗಾರ ಫ್ರೀಡ್‌ಮನ್ ಅವರೂ ಜೋ ಸಾಟ್ರಿಯಾನಿ, ಸ್ಟೀವ್ ವಾಯ್ ಮೊದಲಾದವರೂ ಅವರಿಗಾಗಿ ನುಡಿಸಿದರು.

ಬೆರಳಿನ ವೇಗವು ದೇಹದ ಸೊತ್ತು. ದೇಹದೊಡನೆ ಅದೂ ಕುಗ್ಗುತ್ತದೆ. ಆ ವೇಗವನ್ನು ಗಳಿಸುವಾಗ ರೂಢಿಸಿಕೊಂಡ ತಾಳ್ಮೆ, ಸೂಕ್ಷ್ಮ ಶ್ರವಣ, ತಪ್ಪನ್ನು ಒಪ್ಪಿ ತಿದ್ದುವ ಪ್ರಾಮಾಣಿಕತೆ ಇವು ರೋಗಕ್ಕೆ ಸುಲಭವಾಗಿ ವಶವಾಗುವುದಿಲ್ಲ. ಮಕ್ಕಳು ಮನೆಯಲ್ಲಿ ಯಾವ ವಿದ್ಯೆಯನ್ನು ಅಭ್ಯಸಿಸುತ್ತಿದ್ದರೂ ‘ಎಷ್ಟು ಬೇಗ ಕಲಿತೆ?’ ಎಂದು ಕೇಳುವ ಮೊದಲು ‘ಎಷ್ಟು ಶುದ್ಧವಾಗಿ ಕಲಿತೆ?’ ಎಂದು ಕೇಳುವುದು ಹಿರಿಯರಿಗೆ ತಕ್ಕುದು. ಬೆರಳು ನಿಂತ ದಿನ ಮನುಷ್ಯನ ಕೈಹಿಡಿಯುವುದು ಆ ಶುದ್ಧಿಯೇ.