ಮೈದಾನಕ್ಕೆ ಬಂದ ಊರು

ಬೆಳಿಗ್ಗೆ ಎಂಟಕ್ಕೆಲ್ಲ ಬಂದುಬಿಡಿ. ಕೂಡ್ಲಿಗಿಯಿಂದ ಕೊಟ್ಟೂರಿನ ಕಡೆ ಹೋಗುವಾಗ ಎಡಬಲಕ್ಕೆ ಶೇಂಗಾ, ಮೆಕ್ಕೆಜೋಳದ ಹೊಲಗಳು. ಅವುಗಳ ನಡುವೆ ಒಂದು ಸರ್ಕಾರಿ ಶಾಲೆ. ಆಗಸ್ಟ್ ತಿಂಗಳು, ವಲಯ ಮಟ್ಟದ ಕ್ರೀಡಾಕೂಟದ ದಿನ. ಟ್ರ್ಯಾಕ್ಟರಿಗೆ ಕಟ್ಟಿದ ಟ್ಯಾಂಕರು ಕೆಂಪು ನೆಲಕ್ಕೆ ನೀರು ಚಿಮುಕಿಸುತ್ತ ಸುತ್ತು ಹೊಡೆಯುತ್ತಿದೆ. ಓಡಿಸುತ್ತಿರುವವನು ಇದೇ ಶಾಲೆಯಲ್ಲಿ ಓದಿದವನು, ಡೀಸೆಲ್ಲೂ ಅವನದೇ. ಜಾಲಿ ಮುಳ್ಳು, ಕಲ್ಲುಗಳನ್ನು ಯುವಕ ಸಂಘದವರು ನಿನ್ನೆ ಸಂಜೆಯೇ ಆರಿಸಿ ಹಾಕಿದ್ದಾರೆ. ಪಿ.ಟಿ. ಮೇಷ್ಟ್ರು ಹಗ್ಗ ಎಳೆದು ಹಿಡಿದಿದ್ದಾರೆ. ಇಬ್ಬರು ಹುಡುಗರು ಅದರ ಗುಂಟ ಸುಣ್ಣದ ಪುಡಿ ಬಿಡುತ್ತಿದ್ದಾರೆ.

ಅಡುಗೆ ಕೋಣೆಯ ಕಡೆಯಿಂದ ಮಿರ್ಚಿ ಕರಿಯುವ ವಾಸನೆ. ಬಿಸಿಯೂಟದವರ ಜೊತೆ ಸ್ತ್ರೀಶಕ್ತಿ ಸಂಘದ ಹೆಂಗಸರೂ ಕೈ ಹಾಕಿದ್ದಾರೆ. ಬೆಳಿಗ್ಗೆಗೆ ಮಂಡಕ್ಕಿ ಒಗ್ಗರಣೆ, ಮಧ್ಯಾಹ್ನಕ್ಕೆ ಅನ್ನ ಸಾಂಬಾರು, ಪಾಯಸ. ಅಕ್ಕಿ ಒಬ್ಬರದು, ಬೆಲ್ಲ ಇನ್ನೊಬ್ಬರದು. ಶಾಮಿಯಾನದವನು ಬಾಡಿಗೆ ಬೇಡ ಅಂದಿದ್ದಾನೆ. ದಾನಿಗಳ ಹೆಸರು ಮೈಕಿನಲ್ಲಿ ಒಂದಾದ ಮೇಲೊಂದು ಬರುತ್ತಿವೆ.

ಖೊಕ್ಕೊ ಅಂಕಣದ ಹತ್ತಿರ ನಿಂತುಕೊಳ್ಳಿ. ಹುಡುಗಿಯರ ಫೈನಲ್. ಎಂಟು ಮಂದಿ ಸಾಲಾಗಿ ಕುಂತಿದ್ದಾರೆ, ಒಬ್ಬಳ ಮುಖ ಆ ಕಡೆ, ಪಕ್ಕದವಳದು ಈ ಕಡೆ. ಎಲ್ಲರದೂ ಬರಿಗಾಲು. ಒಬ್ಬಳ ಹೆಬ್ಬೆರಳಿಗೆ ಬಟ್ಟೆಯ ಚಿಂದಿ ಸುತ್ತಿದೆ, ಅದರ ಮೇಲೆ ಮಣ್ಣು, ಮಣ್ಣಿನೊಳಗೆ ತುಸು ರಕ್ತ. ‘ಖೋ’ ಬಿದ್ದದ್ದೇ ತಡ, ಆ ಬೆರಳಿನ ಮೇಲೇ ಭಾರ ಹಾಕಿ ಎದ್ದಳು. ಕಂಬ ಸುತ್ತಿ ಹೊರಳುವಾಗ ಮುಂದೆ ಓಡುತ್ತಿದ್ದವಳ ಬೆನ್ನಿಗೆ ಕೈ ತಾಗಿಯೇಬಿಟ್ಟಿತು.

“ಯಾರ ಮಗಳಲೇ ತಮ್ಮಾ ಆಕಿ?” ಅಂತ ಟವೆಲ್ಲು ಹೊದ್ದ ಅಜ್ಜ ಕೇಳುತ್ತಾರೆ.

“ನಮ್ಮೂರಾಕಿ ಅಲ್ಲ ತಾತಾ, ಪಕ್ಕದೂರಾಕಿ.”

“ಯಾವೂರಾಕಿ ಆದ್ರೇನು, ಚೆಂದ ಓಡ್ತಾಳ!”

ಇಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ಆಮೇಲೆ ಕಲಬುರಗಿ ವಿಭಾಗಕ್ಕೆ. 2021ರಲ್ಲಿ ಆದ ವಿಜಯನಗರ ಜಿಲ್ಲೆಯಲ್ಲಿ ಹಗರಿಬೊಮ್ಮನಹಳ್ಳಿ, ಹಡಗಲಿಯ ಮಕ್ಕಳೂ, ಎರಡು ದಶಕ ದಾವಣಗೆರೆಗೆ ಸೇರಿದ್ದ ಹರಪನಹಳ್ಳಿಯವರೂ ಇವರ ಜೊತೆ ಒಂದೇ ಕಣದಲ್ಲಿ.

ಊರು ಹೀಗೆ ಮೈದಾನಕ್ಕೆ ಇಳಿದದ್ದನ್ನು ನೋಡಿದರೆ ಎದೆ ತುಂಬುತ್ತದೆ. ಆದರೆ ನಾಳೆ ಶಾಮಿಯಾನ ಬಿಚ್ಚಿದ ಮೇಲೆ? ಆಟದ ಪಿರಿಯಡ್ಡನ್ನು ಗಣಿತ ನುಂಗುತ್ತದೆ, ಎಸ್ಸೆಸ್ಸೆಲ್ಸಿ ಮಕ್ಕಳಿಗಂತೂ ಕೇಳುವುದೇ ಬೇಡ. ಎಷ್ಟೋ ಪ್ರಾಥಮಿಕ ಶಾಲೆಗಳಲ್ಲಿ ದೈಹಿಕ ಶಿಕ್ಷಕರೇ ಇಲ್ಲ. ಪ್ರತಿ ಶಾಲೆಗೂ ಆಟದ ಮೈದಾನ ಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವಂಥ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವರ್ಷಕ್ಕೊಂದು ಕೂಟದಿಂದ ಅದು ತುಂಬುವ ಲೆಕ್ಕವಲ್ಲ. ಅದರಲ್ಲೂ ಹೆಣ್ಣುಮಕ್ಕಳಿಗೆ ಶಾಲೆಯ ಅಂಗಳ ಬಿಟ್ಟರೆ ಓಡಲು ಬೇರೆ ಜಾಗವೇ ಸಿಗುವುದು ಕಷ್ಟ. ಮನೆಗೆ ಹೋದರೆ ಕೊಡ, ಕಸಬರಿಗೆ ಕಾದಿರುತ್ತವೆ.

ಹಾಗೆಂದು ಭಾರಿ ದುಡ್ಡೇನೂ ಬೇಕಿಲ್ಲ. ನರೇಗಾದಲ್ಲೇ ಎಷ್ಟೋ ಶಾಲೆಗಳ ಮೈದಾನ ಸಮತಟ್ಟಾಗಿವೆ, ಕಾಂಪೌಂಡು ಎದ್ದಿವೆ. ಒಂದು ಕಾಲಕ್ಕೆ ತಾಲ್ಲೂಕಿಗೆ ಆಡಿದ ಕಬಡ್ಡಿ, ಖೊಕ್ಕೊ ಆಟಗಾರರು ಪ್ರತಿ ಊರಲ್ಲೂ ಇದ್ದಾರೆ. ಹೊಲದಿಂದ ಬಂದ ಮೇಲೆ, ಮೇಷ್ಟ್ರನ್ನು ಕೇಳಿಕೊಂಡು, ವಾರಕ್ಕೆರಡು ಸಂಜೆ ಮೈದಾನಕ್ಕೆ ಬಂದರೂ ಮಕ್ಕಳಿಗೆ ದೊಡ್ಡ ಬಲ. ಶೀಲ್ಡು ಕೊಡಿಸುವ ದಾನಿಗಳು ಅದರ ಜೊತೆಗೇ ನಾಲ್ಕು ಚೆಂಡು, ಒಂದು ನೆಟ್ಟು, ಒಂದು ಔಷಧಿ ಡಬ್ಬಿ ಕೊಡಿಸಲಿ. ನಿಮ್ಮೂರಿನ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿಯ ಮುಂದಿನ ಸಭೆಗೆ ತಪ್ಪದೆ ಹೋಗಿ, ಆಟದ ಪಿರಿಯಡ್ಡು ನಡೆಯುತ್ತಿದೆಯೇ ಅಂತ ಕೇಳಿ.