ಸೋಲುವವನ ಘನತೆ: ಮನೆಯಲ್ಲಿ ನೋಡಿದ ಕೆಲವು ಕನ್ನಡ ಚಿತ್ರಗಳು

ಕನ್ನಡದ ಹಳೆಯ ಪೌರಾಣಿಕ ಮತ್ತು ಐತಿಹಾಸಿಕ ಚಿತ್ರಗಳು ಇಂದು ಉಳಿದಿರುವುದು ಮುಖ್ಯವಾಗಿ ಮನೆಗಳಲ್ಲಿ. ರಾಯಚೂರಿನಿಂದ ಮಂತ್ರಾಲಯದ ಕಡೆಗೆ ಸಾಗುವ ರೈಲುಮಾರ್ಗದ ಮೇಲಿರುವ ಮಟಮಾರಿಯಲ್ಲಿ, ನಿವೃತ್ತ ಕನ್ನಡ ಅಧ್ಯಾಪಕರೊಬ್ಬರ ಮನೆಯಲ್ಲಿ, ಬೇಸಗೆಯ ಮಧ್ಯಾಹ್ನಗಳು ಇಂಥ ಚಿತ್ರಗಳಲ್ಲಿಯೇ ಕಳೆಯುತ್ತವೆ. ಹೊರಗೆ ಕಾಲಿಡಲಾಗದ ಬಿಸಿಲು, ಒಳಗೆ ಟಿ.ವಿ.ಯ ಮುಂದೆ ಅಧ್ಯಾಪಕರು, ಅವರ ಪತ್ನಿ, ರಜೆಗೆ ಬಂದ ಮೊಮ್ಮಗ. ಚಿತ್ರಮಂದಿರದಲ್ಲಿ ದೊರೆಯದ ಒಂದು ಸೌಕರ್ಯ ಇಲ್ಲಿದೆ. ಬೇಕಾದಲ್ಲಿ ಚಿತ್ರವನ್ನು ನಿಲ್ಲಿಸಬಹುದು, ಹಿಂದಕ್ಕೆ ಹೋಗಿ ಒಂದು ಮಾತನ್ನು ಮತ್ತೆ ಕೇಳಬಹುದು, ನಡುವೆ ವಾದಿಸಬಹುದು. ಗಮಕಿಯು ಪದ್ಯವೊಂದನ್ನು ವಾಚಿಸಿ ನಿಲ್ಲಿಸಿದಾಗ ವ್ಯಾಖ್ಯಾನಕಾರನು ಅದರ ಅರ್ಥವನ್ನು ಬಿಡಿಸುವ ಕ್ರಮಕ್ಕೆ ಇದು ಬಹಳ ಹತ್ತಿರದ್ದು.

ಹಾಗೆ ಒಮ್ಮೆ ‘ಕುರುಕ್ಷೇತ್ರ’ (2019) ನಡೆಯುತ್ತಿದ್ದಾಗ ಮೊಮ್ಮಗ ಕೇಳಿದ: “ತಾತಾ, ದುರ್ಯೋಧನ ಹೀರೋನಾ, ವಿಲನ್ನಾ?” ಆ ಪಾತ್ರದಲ್ಲಿ ದರ್ಶನ್ ಇದ್ದುದರಿಂದ ಹುಡುಗನ ಗೊಂದಲ ಸಹಜವೇ ಆಗಿತ್ತು. ಅಧ್ಯಾಪಕರು ಚಿತ್ರವನ್ನು ನಿಲ್ಲಿಸಿ, “ಸಾವಿರ ವರ್ಷದ ಹಿಂದ ರನ್ನಗೂ ಇದೇ ಪ್ರಶ್ನೆ ಬಂದಿತ್ತಪ್ಪಾ” ಎಂದರು.

ಮಾತು ಲಘುವಾಗಿ ಬಂದರೂ ಅದರಲ್ಲಿ ಸತ್ಯವಿದೆ. ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ತನ್ನ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನೊಡನೆ ಸಮೀಕರಿಸಿ ‘ಸಾಹಸಭೀಮವಿಜಯ’ವನ್ನು ರಚಿಸಿದನು. ಹೆಸರಿನಲ್ಲಿಯೇ ವಿಜಯವು ಭೀಮನದು. ಆದರೆ ಕಾವ್ಯವನ್ನು ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಎಲ್ಲವೂ ಮುಗಿದ ಮೇಲೆ, ಸಂಜಯನ ಜೊತೆಗೆ ಹೆಣಗಳ ನಡುವೆ ನಡೆಯುತ್ತ, ಗುರುವಾದ ದ್ರೋಣನನ್ನು, ತಮ್ಮನಾದ ದುಶ್ಶಾಸನನನ್ನು, ಮಗನಾದ ಲಕ್ಷಣಕುಮಾರನನ್ನು, ಗೆಳೆಯನಾದ ಕರ್ಣನನ್ನು ಒಬ್ಬೊಬ್ಬರನ್ನಾಗಿ ಕಂಡು ದುಃಖಿಸುವ ಆ ಅರಸನು ಶತ್ರುಪಕ್ಷದ ಅಭಿಮನ್ಯುವಿನ ಶವದ ಮುಂದೆಯೂ ಕೈಮುಗಿದು ನಿಲ್ಲುತ್ತಾನೆ. ಇಡೀ ಭಾರತಕಥೆಯನ್ನು ಸಿಂಹಾವಲೋಕನ ಕ್ರಮದಲ್ಲಿ ಹಿಂದಿರುಗಿ ನೋಡುವ ಈ ಕಾವ್ಯವು ಸೋಲಿನಿಂದಲೇ ಆರಂಭವಾಗುತ್ತದೆ. ಬಿ.ಎಂ.ಶ್ರೀ. ಅವರು ಇದನ್ನು ‘ಗದಾಯುದ್ಧ ನಾಟಕ’ವಾಗಿ ಅಳವಡಿಸಿದಾಗ ಅವರ ಕಣ್ಣಿಗೆ ಬಿದ್ದದ್ದೂ ಈ ದುರಂತ ನಾಯಕನೇ.

ನಾಗಣ್ಣ ನಿರ್ದೇಶಿಸಿದ, ಮುನಿರತ್ನ ನಿರ್ಮಿಸಿದ ‘ಕುರುಕ್ಷೇತ್ರ’ವು ರನ್ನನ ಕಾವ್ಯವನ್ನು ತನ್ನ ಆಧಾರವೆಂದು ಹೇಳಿಕೊಂಡಿತು. ಜೈನಕವಿಯೊಬ್ಬನ ಹಳಗನ್ನಡ ಕಾವ್ಯದ ಹೆಸರು ಇಷ್ಟು ದೊಡ್ಡ ವೆಚ್ಚದ ಚಿತ್ರದೊಂದಿಗೆ ಕೇಳಿಬಂದುದೇ ಸಂತೋಷದ ಸಂಗತಿ. ದುರ್ಯೋಧನನನ್ನು ಕಥೆಯ ನಡುವೆ ನಿಲ್ಲಿಸಿದ ಧೈರ್ಯವೂ ಮೆಚ್ಚತಕ್ಕದ್ದು. ಭೀಷ್ಮನಾಗಿ ಅಂಬರೀಷ್ ಅವರ ಕೊನೆಯ ಪಾತ್ರವನ್ನು ಮನೆಯಲ್ಲಿ ನೋಡುವಾಗ ಶರಶಯ್ಯೆಗೆ ಬೇರೆಯೇ ಒಂದು ಭಾರ ಬರುತ್ತದೆ. ಆದರೆ ಚಿತ್ರವು ಕಥೆಯನ್ನು ವೈಭವದಿಂದ ಯುದ್ಧದ ಕಡೆಗೆ ಕ್ರಮವಾಗಿ ಸಾಗಿಸುತ್ತದೆ. ಹೀಗಾಗಿ ರಣರಂಗದ ಆ ನಡಿಗೆಗೆ ರನ್ನನಲ್ಲಿರುವ ಸ್ಥಾನ ಇಲ್ಲಿ ದೊರೆಯುವುದಿಲ್ಲ. ಅರಮನೆಗಳು, ಸೇನೆಗಳು, ಹಾಡುಗಳು ನಾಯಕನನ್ನು ದೊಡ್ಡವನನ್ನಾಗಿ ತೋರಿಸುತ್ತವೆ. ರನ್ನನು ಅವನನ್ನು ದೊಡ್ಡವನನ್ನಾಗಿ ಮಾಡಿದ್ದು ಇವೆಲ್ಲವನ್ನೂ ಕಿತ್ತುಕೊಂಡ ಮೇಲೆ. ಮನೆಯ ಚಿಕ್ಕ ಪರದೆಯಲ್ಲಿ ಸೇನೆಗಳು ಕುಗ್ಗಿ ಇರುವೆಗಳ ಸಾಲಾಗುತ್ತವೆ. ಆಗ ಉಳಿಯುವುದು ಮುಖ ಮತ್ತು ಮಾತು. ಈ ಚಿತ್ರವು ಅವೆರಡಕ್ಕೆ ಇನ್ನಷ್ಟು ಅವಕಾಶ ಕೊಡಬೇಕಾಗಿತ್ತು ಎನಿಸುವುದು ಅಲ್ಲಿಯೇ.

ಅದೇ ಮನೆಯಲ್ಲಿ, ಅದೇ ಪರದೆಯ ಮೇಲೆ, ‘ಭೂಕೈಲಾಸ’ (1958) ಎಷ್ಟೋ ಸುಲಭವಾಗಿ ಗೆಲ್ಲುತ್ತದೆ. ಕೆ. ಶಂಕರ್ ನಿರ್ದೇಶನದ ಈ ಕಪ್ಪು ಬಿಳುಪು ಚಿತ್ರದಲ್ಲಿ ರಾಜ್‌ಕುಮಾರ್ ರಾವಣ, ಕಲ್ಯಾಣ್‌ಕುಮಾರ್ ನಾರದ. ತಾಯಿಯ ಪೂಜೆಗಾಗಿ ಆತ್ಮಲಿಂಗವನ್ನು ತರಲು ಹೊರಟ ಮಗನು ದೇವತೆಗಳ ತಂತ್ರಕ್ಕೆ ಸಿಕ್ಕಿ ಮತ್ತೆ ಮತ್ತೆ ವಂಚಿತನಾಗಿ, ಕೊನೆಗೆ ಗೋಕರ್ಣದಲ್ಲಿ ಕೈಯಲ್ಲಿದ್ದುದನ್ನೂ ಕಳೆದುಕೊಳ್ಳುತ್ತಾನೆ. ಲಿಂಗವು ನೆಲಕ್ಕೆ ಮುಟ್ಟುವ ದೃಶ್ಯದಲ್ಲಿ ಅಧ್ಯಾಪಕರು ಚಿತ್ರವನ್ನು ನಿಲ್ಲಿಸಿದಾಗ ಅವರ ಪತ್ನಿ ಬೇಸರಪಟ್ಟರು: “ಯಾಕ ನಿಲ್ಲಿಸಿದ್ರಿ? ಪಾಪ, ಅವ್ವನ ಸಲುವಾಗಿ ಇಷ್ಟೆಲ್ಲಾ ಮಾಡ್ಯಾನ.” ಅವರು ನಾಗಚಂದ್ರನನ್ನು ಓದಿದವರಲ್ಲ. ಆದರೂ 1100ರ ಸುಮಾರಿನ ಆ ಕವಿಯು ಯಾವ ಭಾವವನ್ನು ಎಬ್ಬಿಸಬೇಕೆಂದಿದ್ದನೋ ಅದೇ ಭಾವ ಅವರ ಮಾತಿನಲ್ಲಿತ್ತು.

ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ವು ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’ದ ಪರಂಪರೆಗೆ ಸೇರಿದ್ದು. ಇಲ್ಲಿ ರಾವಣನು ರಾಕ್ಷಸನಲ್ಲ, ವಿದ್ಯಾಧರ ಚಕ್ರವರ್ತಿ. ಒಲ್ಲದ ಹೆಣ್ಣನ್ನು ಮುಟ್ಟೆನೆಂಬ ವ್ರತವನ್ನು ತೊಟ್ಟವನು. ಸೀತೆಯ ವಿಷಯದಲ್ಲಿ ಅವನ ಮನಸ್ಸು ಒಮ್ಮೆ ಎಲ್ಲೆ ಮೀರುತ್ತದೆ. ಅವಳ ನಿಷ್ಠೆಯನ್ನು ಕಂಡು ಅದೇ ಮನಸ್ಸು ತಿಳಿಯಾಗುತ್ತದೆ. ಕೂಡಲೇ ಒಪ್ಪಿಸಿದರೆ ಅಂಜಿದನೆಂದಾರು ಎಂಬ ಅಭಿಮಾನದಿಂದ, ರಾಮಲಕ್ಷ್ಮಣರನ್ನು ಗೆದ್ದು ಬಳಿಕ ಸೀತೆಯನ್ನು ಹಿಂದಿರುಗಿಸಲು ನಿಶ್ಚಯಿಸುತ್ತಾನೆ. ಅಷ್ಟರಲ್ಲಿ ಕಾಲ ಮೀರಿರುತ್ತದೆ. ಬಿ.ಎಂ.ಶ್ರೀ. ಅವರು ಈ ರಾವಣನಲ್ಲಿ ಗ್ರೀಕ್ ದುರಂತ ನಾಯಕನ ಲಕ್ಷಣಗಳನ್ನು ಗುರುತಿಸಿದ್ದು ವಿದ್ಯಾರ್ಥಿಗಳಿಗೆ ತಿಳಿದಿರುವುದೇ. ‘ಭೂಕೈಲಾಸ’ದ ಕಥೆಗೂ ಜೈನ ರಾಮಾಯಣಕ್ಕೂ ನೇರ ಸಂಬಂಧವಿಲ್ಲ, ಅದು ಶೈವ ಸ್ಥಳಪುರಾಣದ ಕಥೆ. ಸಾಮ್ಯವಿರುವುದು ನೋಟದಲ್ಲಿ. ಸೋಲುವವನ ಮನಸ್ಸಿನೊಳಗೆ ಪ್ರವೇಶ ಕೊಡುವ ಧಾರಾಳತೆ ಎರಡರಲ್ಲಿಯೂ ಇದೆ.

ಈ ಧಾರಾಳತೆ ಚಿತ್ರರಂಗಕ್ಕೆ ಬಂದದ್ದು ಬಹುಮಟ್ಟಿಗೆ ರಂಗಭೂಮಿಯಿಂದ. ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಬಯಲಾಟವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಟ್ಟಿ ಕಂಠ, ತುಂಬಿದ ಮೈಕಟ್ಟು, ಭುಜಕೀರ್ತಿಯ ಭಾರವನ್ನು ಹೊರಬಲ್ಲ ಹೆಜ್ಜೆ ಇರುವ ಕಲಾವಿದನಿಗೆ ಪ್ರತಿನಾಯಕನ ಪಾತ್ರ ಮೀಸಲು. ರಾಜ್‌ಕುಮಾರ್ ಬೆಳೆದದ್ದೂ ಗುಬ್ಬಿ ಕಂಪನಿಯ ರಂಗದ ಮೇಲೆ. ಅವರ ತಂದೆ ಪುಟ್ಟಸ್ವಾಮಯ್ಯನವರು ರಾಕ್ಷಸ ಪಾತ್ರಗಳಿಗೆ ಹೆಸರಾಗಿದ್ದವರು. ‘ಭಕ್ತ ಪ್ರಹ್ಲಾದ’ದಲ್ಲಿ (1983) ರಾಜ್‌ಕುಮಾರ್ ಹಿರಣ್ಯಕಶಿಪುವಾದಾಗ ಪ್ರಹ್ಲಾದನಾಗಿ ಎದುರು ನಿಂತವನು ಅವರ ಮಗ, ಮುಂದೆ ಪುನೀತ್ ಎಂದು ನಾಡು ಕರೆದ ಬಾಲಕ ಲೋಹಿತ್. ಮೊಮ್ಮಗ ಈ ಚಿತ್ರವನ್ನು ಹಾಕಿಸಿದ್ದು ‘ಅಪ್ಪು’ವನ್ನು ಕಾಣಲು. 2021ರ ಅಕ್ಟೋಬರಿನ ನಂತರ ಈ ಚಿತ್ರವನ್ನು ಮೊದಲಿನಂತೆ ನೋಡುವುದು ಯಾರಿಗೂ ಕಷ್ಟ. ಮಗನನ್ನು ಕೊಲ್ಲಿಸಲು ಆಜ್ಞೆ ಕೊಡುವ ತಂದೆಯ ಕಣ್ಣಿನಲ್ಲಿ ಮಿಂಚಿ ಹೋಗುವ ವಾತ್ಸಲ್ಯವು ಈಗ ಕಥೆಯ ಹೊರಗಿನಿಂದಲೂ ಬಂದು ಸೇರಿಕೊಳ್ಳುತ್ತದೆ.

ಪುರಾಣಕ್ಕೆ ಸಲ್ಲುವ ಈ ಮಾತು ಇತಿಹಾಸಕ್ಕೆ ಬಂದಾಗ ಇನ್ನೂ ಸೂಕ್ಷ್ಮವಾಗುತ್ತದೆ. ‘ಜಗಜ್ಯೋತಿ ಬಸವೇಶ್ವರ’ದಲ್ಲಿ (1959) ಹೊನ್ನಪ್ಪ ಭಾಗವತರ್ ಬಸವಣ್ಣ, ರಾಜ್‌ಕುಮಾರ್ ಬಿಜ್ಜಳ. ಬಿಜ್ಜಳನು ಜೈನನಾಗಿದ್ದನೆಂಬುದು ಬಹುಕಾಲದ ಸಾಹಿತ್ಯಿಕ ಗ್ರಹಿಕೆ. ವೀರಶೈವ ಪುರಾಣಗಳಲ್ಲಿ ಅವನು ಶರಣರ ವಿರೋಧಿ. ಧರಣಿಪಂಡಿತನ ‘ಬಿಜ್ಜಳರಾಯಚರಿತೆ’ಯಲ್ಲಿ ಧರ್ಮಿಷ್ಠನಾದ ಜೈನ ಅರಸ. ಅವನ ಕಾಲದ ಶಾಸನಗಳಲ್ಲಿ ಶೈವ ದತ್ತಿಗಳೂ ಕಾಣುತ್ತವೆ. ಒಬ್ಬ ಅರಸನ ಮೇಲೆ ಮೂರು ಕಡೆಯ ಬೆಳಕು ಬಿದ್ದಾಗ ಸಂಶೋಧಕನು ಯಾವುದೊಂದನ್ನೂ ಆರಿಸುವ ಅವಸರ ತೋರಬಾರದು. ಅನೇಕಾಂತದ ಪಾಠವೂ ಅದೇ. ಭಕ್ತಿಚಿತ್ರವೊಂದು ಇಷ್ಟು ದೂರ ಬರಬೇಕೆಂದು ಕೇಳುವುದು ನ್ಯಾಯವಲ್ಲ. ಆದರೆ ಮುಂದೆ ನಾಯಕನಟನಾಗಿ ನಾಡಿನ ಪ್ರೀತಿಯನ್ನು ಪಡೆಯಲಿದ್ದ ಕಲಾವಿದನೇ ಬಿಜ್ಜಳನಾದುದರಿಂದ, ಇಂದು ಆ ಚಿತ್ರವನ್ನು ನೋಡುವವರು ಅರಸನನ್ನು ಸುಲಭವಾಗಿ ದ್ವೇಷಿಸಲಾರರು. ನಿರ್ದೇಶಕರು ಉದ್ದೇಶಿಸಿರದ ಒಂದು ನ್ಯಾಯ ಕಾಲದಿಂದ ಒದಗಿದೆ.

ಇತ್ತೀಚಿನ ಚಿತ್ರಗಳಲ್ಲಿ ‘ಕಾಂತಾರ’ (2022) ಆ ಮನೆಯಲ್ಲಿ ಮೆಚ್ಚುಗೆ ಪಡೆದದ್ದು. ಅಚ್ಯುತ್ ಕುಮಾರ್ ಅವರ ಧಣಿ ಮೊದಲಲ್ಲಿ ಊರಿನ ಹಿತೈಷಿಯಂತೆ ಮೆಲ್ಲಗೆ ಮಾತನಾಡುತ್ತಾನೆ. ಆ ಮೆಲುದನಿಯೇ ಚಿತ್ರದ ಒಳ್ಳೆಯ ಬರವಣಿಗೆ. ಆದರೆ ಅವನ ಮುಖವಾಡ ಕಳಚಿದ ಮೇಲೆ ಅವನ ಮನಸ್ಸಿನೊಳಗೆ ಇಣುಕುವ ಅವಕಾಶ ಪ್ರೇಕ್ಷಕನಿಗೆ ದೊರೆಯುವುದಿಲ್ಲ. ಅವನು ಸಾಯುವುದಕ್ಕೆ ಸಿದ್ಧನಾದ ಖಳನಷ್ಟೇ ಆಗುತ್ತಾನೆ. ಪೂರ್ವಜರು ಕೊಟ್ಟ ಮಾತು, ಅದನ್ನು ಮುರಿಯಬೇಕೆಂಬ ಆಸೆ, ದೈವದ ಭಯ, ಇವು ಮೂರೂ ಒಬ್ಬನಲ್ಲಿ ಕೂಡಿದಾಗ ಹುಟ್ಟಬಹುದಾಗಿದ್ದ ಒಳತೋಟಿಯನ್ನು ಚಿತ್ರ ಬಿಟ್ಟುಕೊಟ್ಟಿತು. ಕೊನೆಯ ಭಾಗದ ಆವೇಶವು ಆ ಕೊರತೆಯನ್ನು ಮರೆಸುತ್ತದೆ. ಎರಡನೆಯ ಸಲ ನೋಡುವಾಗ ಅದು ಮತ್ತೆ ಕಾಣುತ್ತದೆ.

ಇದು ಅಭಿರುಚಿಯ ಪ್ರಶ್ನೆಯಷ್ಟೇ ಅಲ್ಲ ಎಂಬುದನ್ನು ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಈ ಸೀಮೆಯ ಇತಿಹಾಸವೇ ಹೇಳುತ್ತದೆ. ವಿಜಯನಗರ ಮತ್ತು ಬಹಮನಿ ಅರಸರು ಇದಕ್ಕಾಗಿ ತಲೆಮಾರುಗಳ ಕಾಲ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿ ರಾಯಚೂರನ್ನು ಪಡೆದನು. ಮುಂದೆ ಅದು ಮತ್ತೆ ಕೈಬದಲಾಯಿತು. ರಾಯಚೂರು ಕೋಟೆಯಲ್ಲಿ 1294ರ ಕಾಕತೀಯರ ಕಾಲದ ಶಾಸನವೂ ಅನಂತರದ ಸುಲ್ತಾನರ ಕಟ್ಟಡಗಳೂ ಕೂಡಿಯೇ ಇವೆ. ಇಲ್ಲಿಯ ಜನ ಗೆದ್ದವರ ಪ್ರಜೆಗಳೂ ಹೌದು, ಸೋತವರ ಪ್ರಜೆಗಳೂ ಹೌದು. ಗೆದ್ದವನೊಬ್ಬನ ಕಥೆಯಿಂದ ಅವರ ಚರಿತ್ರೆ ಪೂರ್ಣವಾಗದು.

ಆದಕಾರಣ ಹಳಗನ್ನಡವನ್ನು ಓದುವ ವಿದ್ಯಾರ್ಥಿಗಳು ಈ ಚಿತ್ರಗಳನ್ನು ಕೇವಲ ಮನರಂಜನೆಯೆಂದು ಬದಿಗಿಡಬಾರದು. ‘ಭೂಕೈಲಾಸ’ವನ್ನು ನಾಗಚಂದ್ರನ ರಾವಣನ ಪಕ್ಕದಲ್ಲಿ, ‘ಕುರುಕ್ಷೇತ್ರ’ವನ್ನು ರನ್ನನ ದುರ್ಯೋಧನನ ಪಕ್ಕದಲ್ಲಿ ಇಟ್ಟು, ಬೇಕಾದಲ್ಲಿ ನಿಲ್ಲಿಸುತ್ತ ನೋಡಬಹುದು. ಸೋಲುವವನು ಪರದೆಯ ಮೇಲೆ ಎಷ್ಟು ಹೊತ್ತು ಒಬ್ಬನೇ ಇರುತ್ತಾನೆ, ಆಗ ಅವನಿಗೆ ಎಂಥ ಮಾತುಗಳನ್ನು ಕೊಟ್ಟಿದ್ದಾರೆ ಎಂಬ ಎರಡು ಪ್ರಶ್ನೆಗಳನ್ನು ಬರೆದಿಟ್ಟುಕೊಂಡರೆ ಸಾಕು, ತೌಲನಿಕ ಅಧ್ಯಯನದ ಕೆಲಸ ಅಲ್ಲಿಂದ ಆರಂಭವಾಗುತ್ತದೆ.